ಮೊದಲ ಭಾನುವಾರ ಎರಡು ಡಿಸ್ಕ್ ಒಟ್ಟಿಗೆ ಬಿದ್ದಿವೆ ಅಂದರೆ ಮೊದಲು ಕಾರ್ಡ್ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಡೆಬಿಯನ್ ಲಿನಕ್ಸ್ ಮೆಷಿನ್, 4 ಟಿಬಿಯ 6 ಡಿಸ್ಕ್, ಲಿನಕ್ಸ್‌ನ ರೇಡ್ ಸಾಧನ ಎಂಡಿಆಡಮ್‌ನಲ್ಲಿ ರೇಡ್ 5, ಅಂದರೆ ಆರೂ ಡಿಸ್ಕ್ ಸೇರಿ ಒಂದೇ ಗುಂಪು (ಅರೇ). ಎರಡು ಡಿಸ್ಕ್ ಮದರ್‌ಬೋರ್ಡ್‌ನಲ್ಲಿ, ಉಳಿದ ನಾಲ್ಕು ಹೊಸದಾಗಿ ತಂದ 10 ಪೋರ್ಟಿನ, ಡಿಸ್ಕ್ ಜೋಡಿಸುವ ಸಾಟಾ ಕಾರ್ಡ್‌ನಲ್ಲಿ. ಹೋದ ತಿಂಗಳ ಮೊದಲ ಭಾನುವಾರ ಒಂದು ಡಿಸ್ಕ್ ಹೊರಬಿತ್ತು, ಮತ್ತೆ ಸೇರಿಸಿದಿರಿ (ರೀ-ಆಡ್), ಸರಿಹೋಯಿತು. ಈ ಭಾನುವಾರ ನಸುಕಿನಲ್ಲಿ ಎರಡು ಒಟ್ಟಿಗೆ ಬಿದ್ದು ಅರೇ ನಿಂತೇಹೋಯಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಯಾವ ಡಿಸ್ಕಿಗೂ ತೊಂದರೆ ಕಾಣುತ್ತಿಲ್ಲ. ಒಳಗೆ ನಿಮ್ಮ ತಂದೆಯವರ ತಾಳಮದ್ದಳೆ ರೆಕಾರ್ಡಿಂಗ್‌ಗಳಿವೆ, ಬೇರೆ ಪ್ರತಿ ಇಲ್ಲ. ಅರೇಯನ್ನು ಹೊಸದಾಗಿ ಕಟ್ಟಲೇ ಅಂತ ಕೇಳಿದ್ದೀರಿ.

ದಯವಿಟ್ಟು ಕಟ್ಟಬೇಡಿ. ಎಂಡಿಆಡಮ್‌ಗೆ --ಕ್ರಿಯೇಟ್ ಕೊಡಬೇಡಿ, ಡಿಸ್ಕ್ ಮೇಲಿರುವ ಅರೇಯ ಗುರುತನ್ನು (ಸೂಪರ್‌ಬ್ಲಾಕ್) ಅಳಿಸುವ --ಝೀರೋ-ಸೂಪರ್‌ಬ್ಲಾಕ್ ಅಂತೂ ಮುಟ್ಟಲೇಬೇಡಿ. ಕ್ರಿಯೇಟ್ ಕೊಟ್ಟಾಗ ಡಿಸ್ಕಿನ ಕ್ರಮ, ಚಂಕ್ (ಒಂದು ಡಿಸ್ಕಿಗೆ ಒಮ್ಮೆಗೆ ಹೋಗುವ ತುಂಡು) ಅಳತೆ, ಡೇಟಾ ಶುರುವಾಗುವ ಜಾಗ, ಇವುಗಳಲ್ಲಿ ಒಂದು ತಪ್ಪಿದರೂ ಒಳಗಿರುವುದು ಕೈತಪ್ಪಬಹುದು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಡೇಟಾ ಇನ್ನೂ ಅಲ್ಲೇ ಇರುವ ಸಾಧ್ಯತೆ ತುಂಬಾ ಜಾಸ್ತಿ.

ನೀವು ಬರೆದದ್ದರಲ್ಲೇ ದೊಡ್ಡ ಸುಳಿವಿದೆ: ಭಾನುವಾರ ನಸುಕು. ಡೆಬಿಯನ್‌ನ ಎಂಡಿಆಡಮ್ ಪ್ಯಾಕೇಜ್ ಪ್ರತಿ ತಿಂಗಳ ಮೊದಲ ಭಾನುವಾರ ಅರೇಯನ್ನು ತಾನಾಗಿಯೇ ಚೆಕ್ ಮಾಡುತ್ತದೆ. ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಸಾಧನ) ಓಡುವ ಆವೃತ್ತಿಗಳಲ್ಲಿ ಅದರ ಸಮಯ ರಾತ್ರಿ 12:57. ಆಗ ಆರೂ ಡಿಸ್ಕ್‌ಗಳನ್ನು ಮೊದಲಿಂದ ಕೊನೆವರೆಗೆ ಒಟ್ಟಿಗೆ ಓದುತ್ತದೆ. ಉಳಿದ ದಿನ ನೀವು ಒಂದೆರಡು ಫೈಲ್ ತೆಗೆಯುತ್ತೀರಿ, ಕಾರ್ಡ್ ಮೇಲೆ ಭಾರವೇ ಇರುವುದಿಲ್ಲ. ತಿಂಗಳಿಗೆ ಆ ಒಂದು ರಾತ್ರಿ ಮಾತ್ರ ಅದು ಪೂರ್ತಿ ದುಡಿಯಬೇಕು. ಎರಡು ತಿಂಗಳೂ ಅದೇ ರಾತ್ರಿ ಕೈಕೊಟ್ಟಿದೆ.

ಇನ್ನು ಆ 10 ಪೋರ್ಟ್. ಇಂಥ ಕಾರ್ಡ್‌ಗಳ ಮೇಲಿರುವ ಚಿಪ್‌ಗಳಲ್ಲಿ ಅಷ್ಟು ಪೋರ್ಟ್ ಇರುವುದಿಲ್ಲ. ಎಎಸ್‌ಎಂ1064ರಲ್ಲಿ ಇರುವುದು 4, ಜೆಎಂಬಿ585ರಲ್ಲಿ 5, ಎಎಸ್‌ಎಂ1166ರಲ್ಲಿ 6. ಪೆಟ್ಟಿಗೆಯ ಮೇಲೆ ಅದಕ್ಕಿಂತ ಜಾಸ್ತಿ ಬರೆದಿದ್ದರೆ, ಕಾರ್ಡ್ ಮೇಲೆ ಇನ್ನೊಂದು ಕಂಟ್ರೋಲರೋ ಪೋರ್ಟ್ ಮಲ್ಟಿಪ್ಲೈಯರೋ (ಒಂದು ಪೋರ್ಟನ್ನು ಹಲವು ಡಿಸ್ಕ್‌ಗೆ ಹಂಚುವ ಚಿಪ್) ಇರುತ್ತದೆ. ಅಗ್ಗದ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಮಲ್ಟಿಪ್ಲೈಯರ್. ಅದರ ಹಿಂದೆ ಕೂತ ಡಿಸ್ಕ್‌ಗಳಿಗೆಲ್ಲ ಒಂದೇ ದಾರಿ. ಒಂದು ಡಿಸ್ಕ್ ಸ್ವಲ್ಪ ತಡ ಮಾಡಿತು ಅಂದುಕೊಳ್ಳಿ. ಕರ್ನಲ್ (ಲಿನಕ್ಸ್‌ನ ತಿರುಳು) ಆ ಲಿಂಕನ್ನೇ ರೀಸೆಟ್ ಮಾಡಬೇಕಾಗಿ ಬರಬಹುದು. ಆಗ ಪಕ್ಕದ ಡಿಸ್ಕ್‌ಗೂ ಏಟು. ಎರಡೂ ಒಂದೇ ಗಳಿಗೆಯಲ್ಲಿ ಮಾಯ. ಲಿನಕ್ಸ್‌ನಲ್ಲಿ ರೇಡ್ ನಡೆಸುವ ಭಾಗವಾದ ಎಂಡಿಗೆ ಇದು ಎರಡು ಡಿಸ್ಕ್ ಸತ್ತಂತೆಯೇ ಕಾಣುತ್ತದೆ, ರೇಡ್ 5 ತಡೆದುಕೊಳ್ಳುವುದು ಒಂದನ್ನು ಮಾತ್ರ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಬಿದ್ದ ರಾತ್ರಿಯ ಕರ್ನಲ್ ಲಾಗ್ ತೆಗೆಯಿರಿ. ಡಿಸ್ಕ್‌ಗಳ ಹೆಸರು ಎಟಿಎ7.00, ಎಟಿಎ7.01, ಎಟಿಎ7.02 ಅಂತ ಒಂದೇ ನಂಬರಿನ ಕೆಳಗೆ ಸಾಲಾಗಿ ಬಂದಿದ್ದರೆ, ಎಟಿಎ7.15 ಅನ್ನುವ ಸಾಲಿನಲ್ಲಿ 'ಪೋರ್ಟ್ ಮಲ್ಟಿಪ್ಲೈಯರ್' ಅಂತ ಇದ್ದರೆ, ಮತ್ತೇನೂ ಹುಡುಕಬೇಕಿಲ್ಲ. 15 ಅನ್ನುವುದು ಮಲ್ಟಿಪ್ಲೈಯರ್‌ನ ಸ್ವಂತ ನಂಬರ್. ಆಮೇಲೆ 'ಹಾರ್ಡ್ ರೀಸೆಟಿಂಗ್ ಲಿಂಕ್' ಸಾಲುಗಳ ಸಮಯ ನೋಡಿ. ಎರಡೂ ಡಿಸ್ಕ್‌ಗೆ ಒಂದೇ ಸೆಕೆಂಡ್ ಅಲ್ವಾ?

ಸ್ಮಾರ್ಟ್‌ನಲ್ಲಿ 199ನೇ ಸಾಲನ್ನೂ ಒಮ್ಮೆ ನೋಡಿಬಿಡಿ. ಅಲ್ಲಿ ಸಿಆರ್‌ಸಿ (ದಾರಿಯಲ್ಲಿ ಡೇಟಾ ಕೆಟ್ಟ ಸಲ) ಎಣಿಕೆ ಏರುತ್ತಿದ್ದರೆ ಕೇಬಲ್ ಬದಲಿಸಿ. ಒಂದೇ ಪವರ್ ಸ್ಪ್ಲಿಟರ್‌ನಿಂದ ನಾಲ್ಕು ಡಿಸ್ಕ್ ಎಳೆದಿದ್ದರೆ ಅದನ್ನೂ ಬಿಡಿಸಿ. ಡಿಸ್ಕ್‌ಗಳು ಒಟ್ಟಿಗೆ ಬೀಳುವುದಕ್ಕೆ ಅದೂ ಕಾರಣವಾಗುತ್ತದೆ.

ನನಗೂ ಹೀಗೇ ಆಗಿತ್ತು. ಗೆಳೆಯನ ಫೋಟೋ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಡಿಸ್ಕ್‌ಗಳನ್ನೇ ಅನುಮಾನಿಸಿದೆ, ಎರಡು ಹೊಸದು ತರಿಸಿದೆ. ಹೊಸ ಡಿಸ್ಕ್‌ಗಳೂ ಅದೇ ಎರಡು ಪೋರ್ಟಿನಲ್ಲಿ ಬಿದ್ದಾಗಲೇ ಕಣ್ಣು ತೆರೆದದ್ದು. ಮದುವೆ ಫೋಟೋಗಳಿದ್ದ ಅರೇ ಅದು. ಆ ರಾತ್ರಿಯ ಭಯ ನೆನಪಿದೆ, ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಡೇಟಾ ತೆಗೆಯುವ ಮಾತು. ಎಲ್ಲಾ ಆರು ಡಿಸ್ಕ್‌ಗೂ ಎಂಡಿಆಡಮ್ --ಎಕ್ಸಾಮಿನ್ ಓಡಿಸಿ, ಬಂದದ್ದನ್ನು ಬೇರೆ ಕಡೆ ಫೈಲ್‌ನಲ್ಲಿ ಉಳಿಸಿಕೊಳ್ಳಿ. ಅದರಲ್ಲಿ 'ಈವೆಂಟ್ಸ್' ಅನ್ನುವ ಎಣಿಕೆ ಇರುತ್ತದೆ. ಉಳಿದ ನಾಲ್ಕರಲ್ಲಿ ಒಂದೇ ಸಂಖ್ಯೆ, ಬಿದ್ದ ಎರಡರಲ್ಲಿ ಕೆಲವೇ ಅಂಕಿ ಕಡಿಮೆ ಇದ್ದರೆ ಒಳ್ಳೆಯ ಸುದ್ದಿ. ಅವು ಬಿದ್ದ ಮೇಲೆ ಅರೇಗೆ ಏನೂ ಹೆಚ್ಚು ಬರೆದಿಲ್ಲ ಅಂತ ಅರ್ಥ.

ಆದರೆ ಅದೇ ಕಾರ್ಡ್ ಮೇಲೆ ಮತ್ತೆ ಅರೇ ಎಬ್ಬಿಸಬೇಡಿ. ಮೊದಲು ಡಿಸ್ಕ್‌ಗಳನ್ನು ಬೇರೆ ಕಂಟ್ರೋಲರ್‌ಗೆ ಹಾಕಿ. ಸಾಫ್ಟ್‌ವೇರ್ ರೇಡ್ ನನಗೆ ಇಷ್ಟವಾಗುವುದು ಇದಕ್ಕೇ: ಯಾವ ಡಿಸ್ಕ್ ಯಾವ ಪೋರ್ಟಿನಲ್ಲಿದೆ ಅನ್ನುವುದು ಅದಕ್ಕೆ ಬೇಕಿಲ್ಲ. ಗುರುತು ಡಿಸ್ಕ್‌ನ ಮೇಲೇ ಇದೆ. ಮೆಟಾಡೇಟಾ 1.2 ಆದರೆ ಶುರುವಿನಿಂದ 4 ಕೆಬಿ ಆಚೆ ಸೂಪರ್‌ಬ್ಲಾಕ್ ಕೂತಿರುತ್ತದೆ.

ಯಾವ ಕಾರ್ಡ್ ತರಬೇಕು? ಇಷ್ಟು ಡಿಸ್ಕ್ ಇದ್ದರೆ ನಾನು ಹೇಳುವುದು ಎಲ್‌ಎಸ್‌ಐ 9211-8ಐ ತರದ ಎಚ್‌ಬಿಎ, ಅಂದರೆ ಸರ್ವರ್‌ಗಳಲ್ಲಿ ಡಿಸ್ಕ್ ಜೋಡಿಸುವ ಕಾರ್ಡ್. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ, ಬಳಸಿದ್ದು ಸಿಕ್ಕರೂ ಸಾಕು. ಆದರೆ ಫರ್ಮ್‌ವೇರ್ ಐಟಿ ಮೋಡ್‌ನಲ್ಲೇ ಇರಬೇಕು, ಆವೃತ್ತಿ 20.00.07.00 ಆದರೆ ಒಳ್ಳೆಯದು. ಐಟಿ ಮೋಡ್‌ನಲ್ಲಿ ಕಾರ್ಡ್ ಸುಮ್ನೆ ಡಿಸ್ಕನ್ನು ಇದ್ದ ಹಾಗೇ ಲಿನಕ್ಸ್‌ಗೆ ಕೊಡುತ್ತದೆ. ರೇಡ್ ಕಾರ್ಡ್ ತಂದು ಪ್ರತಿ ಡಿಸ್ಕಿಗೂ ಒಂದೊಂದು ರೇಡ್ 0 ಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದು ತನ್ನದೇ ಗುರುತನ್ನು ಡಿಸ್ಕಿಗೆ ಬರೆಯುತ್ತದೆ. ನಿಮ್ಮ ಡೇಟಾ ಇರುವ ಡಿಸ್ಕ್‌ಗೆ ಅದು ಅಪಾಯ.

ಕಾರ್ಡ್‌ನಿಂದ ಡಿಸ್ಕಿಗೆ ಹೋಗುವ ಕೇಬಲ್ 'ಫಾರ್ವರ್ಡ್ ಬ್ರೇಕೌಟ್' ಅಂತ ಕೇಳಿ ತನ್ನಿ. ರಿವರ್ಸ್ ನೋಡಲು ಹಾಗೇ ಇರುತ್ತದೆ, ಡಿಸ್ಕ್ ಮಾತ್ರ ಕಾಣುವುದಿಲ್ಲ. ಈ ಕಾರ್ಡ್‌ಗಳು ಸರ್ವರ್‌ನ ಜೋರು ಗಾಳಿಗೆ ಅಂತ ಮಾಡಿದವು, ಹೀಟ್‌ಸಿಂಕ್ ಎದುರಿಗೆ ಒಂದು ಸಣ್ಣ ಫ್ಯಾನ್ ಇಡಿ. ಡೆಬಿಯನ್‌ನಲ್ಲಿ ಎಂಪಿಟಿ3ಸ್ಯಾಸ್ ಡ್ರೈವರ್ ಇದನ್ನು ತಾನೇ ಹಿಡಿಯುತ್ತದೆ. ರೆಡ್ ಹ್ಯಾಟ್ 8ರಿಂದ ಮಾತ್ರ ಈ ಹಳೆಯ ಚಿಪ್‌ಗೆ ಬೆಂಬಲ ತೆಗೆದಿದ್ದಾರೆ, ಮುಂದೆ ಆ ಕಡೆ ಹೋಗುವ ಯೋಚನೆ ಇದ್ದರೆ ನೆನಪಿರಲಿ.

ಹೊಸ ಕಾರ್ಡ್‌ನಲ್ಲಿ ಆರೂ ಡಿಸ್ಕ್ ಕಂಡ ಮೇಲೆ, ಅರ್ಧಂಬರ್ಧ ಎದ್ದಿರುವ ಅರೇಯನ್ನು --ಸ್ಟಾಪ್ ಮಾಡಿ. ನಂತರ --ಅಸೆಂಬಲ್ --ಫೋರ್ಸ್ ಜೊತೆಗೆ --ರೀಡ್‌ಓನ್ಲಿ. ಫೋರ್ಸ್ ತಿದ್ದುವುದು ಸೂಪರ್‌ಬ್ಲಾಕ್‌ನಲ್ಲಿರುವ ಲೆಕ್ಕವನ್ನು, ನಿಮ್ಮ ಫೈಲ್‌ಗಳನ್ನಲ್ಲ. ಫೈಲ್‌ಸಿಸ್ಟಮನ್ನು ರೀಡ್‌ಓನ್ಲಿಯಾಗಿ ಮೌಂಟ್ ಮಾಡಿ ರೆಕಾರ್ಡಿಂಗ್‌ಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಬೇರೆಲ್ಲ ಕೆಲಸ ಅದಾದ ಮೇಲೆ.

ನಕಲು ಮುಗಿದ ಮೇಲೆ ಇನ್ನೊಂದು ವಿಷಯ ಸರಿಮಾಡಿ. ಮನೆಬಳಕೆಯ ಡಿಸ್ಕ್‌ಗಳು ಕೆಟ್ಟ ಸೆಕ್ಟರ್ ಸಿಕ್ಕರೆ ನಿಮಿಷಗಟ್ಟಲೆ ಪ್ರಯತ್ನಿಸುತ್ತಾ ಕೂರಬಹುದು. ಕರ್ನಲ್ ಕಾಯುವುದು ಮಾತ್ರ 30 ಸೆಕೆಂಡ್. ಸ್ಮಾರ್ಟ್‌ಸಿಟಿಎಲ್ ಕಮಾಂಡ್‌ನಲ್ಲಿ ಎಸ್‌ಸಿಟಿಇಆರ್‌ಸಿ 70,70 ಕೊಟ್ಟರೆ ಡಿಸ್ಕ್ 7 ಸೆಕೆಂಡಿಗೆ ಕೈಬಿಡುತ್ತದೆ, ಎಂಡಿ ಆ ಭಾಗವನ್ನು ಬೇರೆ ಡಿಸ್ಕ್‌ಗಳಿಂದ ಲೆಕ್ಕಹಾಕಿ ಬರೆಯುತ್ತದೆ. ನಿಮ್ಮ ಡಿಸ್ಕ್ ಅದನ್ನು ಒಪ್ಪದಿದ್ದರೆ ಕರ್ನಲ್ ಕಾಯುವ ಸಮಯವನ್ನೇ 180ಕ್ಕೆ ಏರಿಸಿ. ಎರಡೂ ಪ್ರತಿ ಬೂಟ್‌ಗೆ ಮತ್ತೆ ಕೊಡಬೇಕು, ಡಿಸ್ಕ್ ಕಂಡಾಗ ತಾನೇ ಓಡುವ ಯುಡೆವ್ ರೂಲ್‌ಗೆ ಹಾಕಿಬಿಡಿ.

ಈವೆಂಟ್ಸ್ ಎಣಿಕೆಯಲ್ಲಿ ಸಾವಿರಗಟ್ಟಲೆ ಅಂತರ ಕಂಡರೆ ಫೋರ್ಸ್ ಕೊಡದೆ ನಿಲ್ಲಿ. ಆರೂ ಡಿಸ್ಕ್‌ಗಳ ಎಕ್ಸಾಮಿನ್ ಫಲಿತಾಂಶ ಇಲ್ಲೇ ಹಾಕಿ, ಕೂತು ನೋಡುತ್ತೇನೆ.