ಸಂಪಾದಕರ ಉತ್ತರ: ಲೆಕ್ಕ ಕೇಳಿದವರಿಗೆ ಪ್ರೀತಿಯ ಪ್ರಸಂಗ

ನಮ್ಮ ಬೆಳಗಾವಿ ಜಿಲ್ಲೆಯ ಕ್ರೈಸ್ತ ಸಭೆಯೊಂದರ ಹಿರಿಯರು ಬರೆದಿದ್ದಾರೆ. ಹೆಸರು ಹಾಕಬೇಡಿರೆಂದಿದ್ದಾರೆ, ಹಾಕಿಲ್ಲ. ಸುಗ್ಗಿ ಹಬ್ಬದ ಲಿಲಾವಿನ ಹಣ ಏನಾಯಿತೆಂದು ಕೇಳಿ ಸಭೆಯ ಕೆಲವು ಹುಡುಗರು ಭಾನುವಾರ ಆರಾಧನೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಫಲಕ ಹಿಡಿದು ನಿಂತರಂತೆ. ಕಮಿಟಿಯವರು ಮಾತು ಬೆಳೆಸಲಿಲ್ಲ. ಮುಂದಿನ ವಾರ, ಪೌಲ ಕೊರಿಂಥದ ಸಭೆಗೆ ಪ್ರೀತಿಯ ಬಗ್ಗೆ ಬರೆದ 1 ಕೊರಿಂಥ 13ನೇ ಅಧ್ಯಾಯ ಓದಿಸಿ ಅದರ ಮೇಲೆಯೇ ಪ್ರಸಂಗ (ಉಪದೇಶ) ಮಾಡಿಸಿದರು. ಹುಡುಗರು ನಡುವೆಯೇ ಎದ್ದುಹೋದರು. ‘ಇನ್ನೊಂದು ಕೆನ್ನೆಯನ್ನೂ ತೋರಿಸಿದೆವು. ಇದಕ್ಕಿಂತ ಹೆಚ್ಚು ಪ್ರೀತಿ ಹೇಗೆ ಮಾಡೂದು? ನೀವರೆ ಆ ಹುಡುಗರ ಪತ್ರ ಯಾಕ ಅಚ್ಚು ಹಾಕಿದಿರಿ?’ ಎಂದು ಕೇಳಿದ್ದಾರೆ.

ಹಿರಿಯರೇ, ವಂದನೆಗಳು. ನೀವು ಪೊಲೀಸರನ್ನು ಕರೆಯಲಿಲ್ಲ, ಆ ಹುಡುಗರ ತಂದೆತಾಯಿಗಳಿಗೆ ಮುಖ ತಿರುಗಿಸಲಿಲ್ಲ. ಅದು ಸಣ್ಣ ಮಾತಲ್ಲ. ಆದರೆ ನಿಮ್ಮ ಪತ್ರದಲ್ಲಿ ನಾನು ಹುಡುಕಿದ ಒಂದು ಸಂಗತಿ ಮಾತ್ರ ಸಿಗಲಿಲ್ಲ. ಲೆಕ್ಕ ಕೊಟ್ಟಿರೋ ಇಲ್ಲವೋ?

ಆ ಅಧ್ಯಾಯವನ್ನು ಮದುವೆಗಳಲ್ಲಿ ಓದಿ ಓದಿ ಅದರ ಮೊನೆಯನ್ನೇ ಮೊಂಡು ಮಾಡಿದ್ದೇವೆ. ಪ್ರೀತಿ ಸತ್ಯದೊಂದಿಗೆ ಸಂತೋಷಪಡುತ್ತದೆ ಎಂದೂ ಅದರಲ್ಲಿದೆ. ಅದೇ ಪೌಲ ಅದೇ ಸಭೆಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯವನ್ನೂ ಒಂದು ಭಾನುವಾರ ಓದಿಸಿರಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸುತ್ತಿದ್ದ ಹಣದ ಮಾತು ಅಲ್ಲಿದೆ. ಆ ಕೆಲಸಕ್ಕೆ ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನು ಕಳಿಸುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮತ್ತ ಬೆರಳು ತೋರಿಸಬಾರದು, ಕರ್ತನ ಮುಂದಷ್ಟೇ ಅಲ್ಲ ಮನುಷ್ಯರ ಮುಂದೆಯೂ ನೆಟ್ಟಗಿರಬೇಕು ಎಂಬುದು ಅವನ ಕಾಳಜಿ. ‘ದೇವರಿಗೆ ಗೊತ್ತದ’ ಎಂಬ ಉತ್ತರ ಪೌಲನಿಗೆ ಸಾಲಲಿಲ್ಲ. ನಮ್ಮ ಕಮಿಟಿಗಳಿಗೆ ಹೇಗೆ ಸಾಲುತ್ತದೋ!

ಇನ್ನು ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಡುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ನಿಮ್ಮಲ್ಲಿ ಪ್ರೀತಿ ಕಡಿಮೆಯಾಗಿದೆ ಎಂದು ಹನ್ನೆರಡು ಮಂದಿ ಅಪೊಸ್ತಲರು ಗದರಿಸಲಿಲ್ಲ. ಸಭೆಯನ್ನೆಲ್ಲ ಕೂಡಿಸಿ, ಏಳು ಜನರನ್ನು ನೀವೇ ಆರಿಸಿಕೊಳ್ಳಿರಿ ಎಂದರು. ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ... ಏಳೂ ಗ್ರೀಕ್ ಹೆಸರುಗಳೇ. ನೋಡಿದರೆ, ದೂರು ಎತ್ತಿದವರ ಕೈಗೇ ಹಂಚುವ ಕೆಲಸ ಕೊಟ್ಟಂತಿದೆ. ನಿಮ್ಮ ಲೆಕ್ಕ ತಪಾಸಣೆಗೂ ಗೇಟಿನ ಮುಂದೆ ನಿಂತವರಲ್ಲಿ ಇಬ್ಬರನ್ನು ಕೂಡಿಸಿಕೊಳ್ಳಿರಿ. ಅದರಲ್ಲೊಬ್ಬ ಬಿ.ಕಾಂ. ಓದಿದವನೆಂದು ನೀವೇ ಬರೆದಿದ್ದೀರಿ.

ಚಳಿಗಾಲದ ಅಧಿವೇಶನ ಬಂದರೆ ಸುವರ್ಣಸೌಧದ ಸುತ್ತ ಪೆಂಡಾಲುಗಳು ಏಳುತ್ತವೆ. ಸಚಿವರು ಬಂದು ಮನವಿ ತೆಗೆದುಕೊಂಡು ಹೋಗುತ್ತಾರೆ, ಬರದಿದ್ದರೆ ಬೈಯುತ್ತೇವೆ. 2021ರ ಡಿಸೆಂಬರ್ 23ರಂದು ಅದೇ ಸೌಧದಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ದಿನಗಳಲ್ಲಿ ಕ್ರೈಸ್ತರೂ ಬೀದಿಗಿಳಿದರು, ಫಲಕ ಹಿಡಿದರು. ಯಾರಾದರೂ ನಮಗೆ ‘ಪ್ರೀತಿಯಿಂದಿರಿ’ ಎಂದು ಹೇಳಿ ಸೌಧದ ಬಾಗಿಲು ಹಾಕಿದ್ದರೆ ಒಪ್ಪುತ್ತಿದ್ದೆವೆ? ವಿಧಾನಸಭೆಯಿಂದ ಬಯಸುವಷ್ಟನ್ನಾದರೂ ನಮ್ಮ ಮಕ್ಕಳು ನಮ್ಮಿಂದ ಬಯಸಬಾರದೇ?

ಕೆನ್ನೆಯ ಮಾತಿಗೆ ಬರೋಣ. ನಿಮ್ಮನ್ನು ಯಾರೂ ಹೊಡೆದಿಲ್ಲ, ಪ್ರಶ್ನೆ ಕೇಳಿದ್ದಾರೆ. ಮಹಾಯಾಜಕನ ಎದುರು ಅವನ ಆಳಾದ ಓಲೇಕಾರ ನಿಜವಾಗಿಯೇ ಹೊಡೆದಾಗ ಯೇಸು, ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ (ಯೋಹಾನ 18:23). ಬೈಗುಳವೂ ಇಲ್ಲ, ಮೌನವೂ ಇಲ್ಲ.

ಹುಡುಗರಿಗೂ ಎರಡು ಮಾತು ಹೇಳಬೇಕು. ಖಜಾಂಚಿಯವರ ಮನೆಯವರ ಕೊರಳಿನ ಸರಕ್ಕೆ ಗೆರೆ ಸುತ್ತಿ ಆ ಫೋಟೊವನ್ನು ವಾಟ್ಸಪ್‌ನಲ್ಲಿ ಹರಿಬಿಟ್ಟದ್ದು ಹೊಲಸು ಕೆಲಸ. ಆ ತಾಯಿ ಕಮಿಟಿಯಲ್ಲಿಲ್ಲ, ಲಿಲಾವಿನ ಪಟ್ಟಿ ಬರೆದವರೂ ಅಲ್ಲ. ಫೋಟೊ ಅಳಿಸಿದರೆ ಸಾಲದು, ಅವರ ಮನೆಗೆ ಹೋಗಿ ಕ್ಷಮೆ ಕೇಳಿರಿ. ಲೆಕ್ಕ ಬರಲೆಂದು ಕಾಯಬೇಡಿರಿ. ಅದು ಬೇರೆ, ಇದು ಬೇರೆ.

ಅವರ ಪತ್ರ ಯಾಕೆ ಹಾಕಿದೆವು ಎಂದಿರಿ. ಅದರಲ್ಲಿ ಆ ತಾಯಿಯ ಬಗ್ಗೆ ಇದ್ದ ಸಾಲುಗಳನ್ನು ತೆಗೆದು, ಉಳಿದ ಪ್ರಶ್ನೆಗಳನ್ನು ಇದ್ದಂತೆಯೇ ಹಾಕಿದೆವು. ಸಭೆಯ ಸದಸ್ಯರು ಕೇಳಬಹುದಾದ ಪ್ರಶ್ನೆಗಳೇ ಅವು. ನಿಮ್ಮ ಜಮಾ-ಖರ್ಚಿನ ಪಟ್ಟಿಗೂ ಅದೇ ಪುಟ, ಅಷ್ಟೇ ಜಾಗ ಇಟ್ಟಿದ್ದೇವೆ. ತಿಂಗಳ ಹತ್ತನೇ ತಾರೀಖಿನೊಳಗೆ ಮುಟ್ಟಿಸಿರಿ. ಖಜಾಂಚಿಯವರ ಜೊತೆ ಆ ಇಬ್ಬರು ಹುಡುಗರ ಸಹಿಯೂ ಇರಲಿ.

– ಸಂಪಾದಕ