ಪೊಲೀಸರಿಗೆ ಸೇವೆಯ ನಡುವೆ ಮತ್ತೆ ಮತ್ತೆ ತರಬೇತಿ ಕೊಡುವುದು ದುಂದುವೆಚ್ಚವೇ?

ಕಡೂರಿನ ಪೊಲೀಸ್ ತರಬೇತಿ ಶಾಲೆಯಲ್ಲೋ ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲೋ ಒಮ್ಮೆ ಕಲಿತು ಬಂದವರನ್ನು ಠಾಣೆಯ ಕೆಲಸ ಬಿಡಿಸಿ ಮತ್ತೆ ತರಬೇತಿಗೆ ಕಳುಹಿಸುವುದರಿಂದ ಜನರಿಗೇನು ಲಾಭ ಎಂದು ನೀವು ಕೇಳಿದ್ದೀರಿ. ಚಿಕ್ಕಮಗಳೂರು ಜಿಲ್ಲೆಯ ನ್ಯಾಯಾಲಯಗಳಲ್ಲಿ ಸರ್ಕಾರಿ ಅಭಿಯೋಜಕನಾಗಿದ್ದು ನಿವೃತ್ತನಾದವನು ನಾನು. ಲಾಭ ಖಂಡಿತ ಇದೆ. ಆದರೆ ಸಭಾಂಗಣದ ಉಪನ್ಯಾಸಕ್ಕಿಂತ, ಆರೋಪಿ ಬಿಡುಗಡೆಯಾದ ಪ್ರಕರಣದ ತೀರ್ಪನ್ನು ತನಿಖೆ ಮಾಡಿದವರ ಕೈಗೇ ಕೊಟ್ಟು ಓದಿಸುವ ತರಬೇತಿಯಿಂದ ಹೆಚ್ಚು ಫಲ ಸಿಗುತ್ತದೆ, ಮತ್ತು ನಾನು ಕಂಡಂತೆ ಅದೇ ಅಪರೂಪ.

ಮೂಡಿಗೆರೆ ಕಡೆಯ ಒಂದು ಕಾಫಿ ಕಳವಿನ ಪ್ರಕರಣವನ್ನೇ ನೋಡಿ. ಕಣದಲ್ಲಿ ಒಣಗಿಸಿದ್ದ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಕಳವಾಗಿದೆ ಎಂದು ತೋಟದ ಮಾಲೀಕರು ದೂರಿನಲ್ಲಿ ಸ್ಪಷ್ಟವಾಗಿ ಬರೆಸಿದ್ದರು. ಜಪ್ತಿ ಮಹಜರಿನಲ್ಲಿ ಇದ್ದದ್ದು ‘ಕಾಫಿ ಬೀಜ ತುಂಬಿದ ಚೀಲಗಳು’ ಎಂದಷ್ಟೇ. ಅದು ಪಾರ್ಚ್‌ಮೆಂಟೋ ಸಿಪ್ಪೆಸಮೇತ ಒಣಗಿಸಿದ ಚೆರ್ರಿಯೋ, ಅರೇಬಿಕಾವೋ ರೊಬಸ್ಟಾವೋ, ತೂಕವೆಷ್ಟು, ಚೀಲದ ಮೇಲೆ ತೋಟದ ಗುರುತೇನಾದರೂ ಇತ್ತೇ, ಮಾದರಿ ತೆಗೆದು ಅರಗಿನ ಮೊಹರು ಹಾಕಿದ್ದರೇ ಎಂಬ ಒಂದು ವಿವರವೂ ಇರಲಿಲ್ಲ. ಚಕ್ಕುಬಂದಿ ಮಾತ್ರ ಬಹಳ ಅಚ್ಚುಕಟ್ಟಾಗಿತ್ತು. ಬೇರೊಂದು ಪ್ರಕರಣದ ಮಹಜರನ್ನೇ ಕಂಪ್ಯೂಟರಿನಲ್ಲಿ ತೆರೆದು ತಿದ್ದಿದ್ದರಿಂದ ಆ ಪ್ರಕರಣದ ವಾಹನದ ಸಂಖ್ಯೆಯೂ ಎರಡನೆಯ ಪುಟದಲ್ಲಿ ಹಾಗೆಯೇ ಉಳಿದುಕೊಂಡಿತ್ತು. ಜಪ್ತಿಗೆ ಸಾಕ್ಷಿಗಳಾಗಿದ್ದ ಪಂಚರಿಬ್ಬರೂ ಠಾಣೆಯಲ್ಲೇ ಸಹಿ ಹಾಕಿದೆವೆಂದು ಹೇಳಿ ಪ್ರತಿಕೂಲ ಸಾಕ್ಷಿಗಳಾದರು.

ಆರೋಪಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವನು, ಕನ್ನಡ ಬಾರದವನು. ಆದರೂ ಅವನ ಸ್ವಇಚ್ಛಾ ಹೇಳಿಕೆಯಲ್ಲಿ ‘ನನ್ನನ್ನು ಕರೆದುಕೊಂಡು ಹೋದಲ್ಲಿ ಸದರಿ ಮಾಲನ್ನು ಬಚ್ಚಿಟ್ಟ ಜಾಗವನ್ನು ತೋರಿಸಿ ಹಾಜರುಪಡಿಸುತ್ತೇನೆ’ ಎಂಬ, ಎಲ್ಲ ಕಡತಗಳಲ್ಲೂ ಕಾಣುವ ವಾಕ್ಯವೇ ಇತ್ತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ವಸ್ತು ಪತ್ತೆಯಾಗಲು ಕಾರಣವಾದ ಮಾತಿಗೆ ಮಾತ್ರ ಹಿಂದೆ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಲ್ಲಿ ಮಾನ್ಯತೆಯಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪರಂತುಕದಲ್ಲಿ (ವಿನಾಯಿತಿ ಹೇಳುವ ಭಾಗದಲ್ಲಿ) ಇದೆ. ಹಾಗಿರುವಾಗ ಆ ಮಾತು ಆರೋಪಿಯ ಬಾಯಿಂದ ಬಂದಂತೆಯೇ ದಾಖಲಾಗಬೇಕು, ಯಾರು ಭಾಷಾಂತರಿಸಿದರೆಂಬುದೂ ತಿಳಿಯಬೇಕು. ಆರೋಪಿಗೆ ಸಂಶಯದ ಲಾಭ ಸಿಕ್ಕಿತು. ತೀರ್ಪು ಬರುವ ಹೊತ್ತಿಗೆ ತನಿಖಾಧಿಕಾರಿಗೆ ವರ್ಗಾವಣೆಯಾಗಿತ್ತು; ಮಹಜರು ಬರೆದ ರೈಟರ್‌ಗೆ ಪ್ರಕರಣ ಬಿದ್ದುಹೋದದ್ದು ಗೊತ್ತಿತ್ತೇ ಹೊರತು ಏಕೆ ಬಿತ್ತೆಂದು ಯಾರೂ ಹೇಳಿರಲಿಲ್ಲ. ಅವರು ಮುಂದಿನ ಮಹಜರನ್ನೂ ಹಾಗೆಯೇ ಬರೆದರೆ ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಇದನ್ನು ಸುಪ್ರೀಂ ಕೋರ್ಟ್ ಎಂದೋ ಗುರುತಿಸಿದೆ. ಗುಜರಾತ್ ರಾಜ್ಯ ವಿರುದ್ಧ ಕಿಶನ್‌ಭಾಯ್ ಪ್ರಕರಣದಲ್ಲಿ 2014ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ, ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಗಳ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿಯೊಂದು ಬಿಡುಗಡೆಯ ಆದೇಶಗಳನ್ನು ಪರಿಶೀಲಿಸಿ ಲೋಪಗಳನ್ನು ಗುರುತಿಸಬೇಕೆಂದೂ, ಅವನ್ನೇ ಕಿರಿಯ ತನಿಖಾಧಿಕಾರಿಗಳ ತರಬೇತಿಯ ಪಠ್ಯಕ್ಕೆ ಸೇರಿಸಿ ಆ ಪಠ್ಯವನ್ನು ಪ್ರತಿವರ್ಷ ಪರಿಷ್ಕರಿಸಬೇಕೆಂದೂ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಸಮಿತಿಯ ನಡಾವಳಿ ಕಡತದಲ್ಲೇ ಉಳಿಯದೆ ಠಾಣೆಯ ರೈಟರ್‌ವರೆಗೆ ತಲುಪಿದರಷ್ಟೇ ಅದರಿಂದ ಪ್ರಯೋಜನ.

2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಬಂದ ಮೇಲಂತೂ ಹಳೆಯ ಕಲಿಕೆಯೊಂದೇ ಸಾಲದು. ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಮುದ್ರಣ ಮಾಡಲೇಬೇಕೆಂದು ಅವುಗಳಲ್ಲಿ ಒಂದಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಪಂಚರು ಎಲ್ಲಿ ನಿಂತು ಸಹಿ ಹಾಕಿದರೆಂಬುದು ಇನ್ನು ಮೇಲೆ ಮೊಬೈಲಿನಲ್ಲೇ ಕಾಣುತ್ತದೆ. ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಕಡತವನ್ನು ತಿದ್ದಿದ್ದರೆ ಬದಲಾಗುವ ಅಂಕಿ-ಅಕ್ಷರಗಳ ಗುರುತು) ನಮೂದಿಸಬೇಕು. ನೆಟ್‌ವರ್ಕ್ ಸಿಗದ ತೋಟದಲ್ಲಿ, ಮಳೆಗಾಲದ ಸಂಜೆಯ ಮಬ್ಬಿನಲ್ಲಿ ಇದನ್ನೆಲ್ಲ ಮಾಡುವುದು ಹೇಗೆಂದು ತೋಟಕ್ಕೇ ಕರೆದೊಯ್ದು ಕಲಿಸಬೇಕಲ್ಲದೆ ಪರದೆಯ ಮೇಲೆ ತೋರಿಸಿದರೆ ಸಾಲದು.

ಸಿಬ್ಬಂದಿಗೆ ಬಿಡುವಿಲ್ಲವೆಂಬುದೂ ನಿಜ. ದೀಪಾವಳಿಗೆ ದೇವೀರಮ್ಮನ ಬೆಟ್ಟ, ಡಿಸೆಂಬರಿನಲ್ಲಿ ದತ್ತ ಜಯಂತಿ, ಪಕ್ಕದ ಹಾಸನದಲ್ಲಿ ಹಾಸನಾಂಬೆಯ ದರ್ಶನ ಎಂದು ಬಂದೋಬಸ್ತ್ ಬಂದಾಗ ಮೊದಲು ಮುಂದಕ್ಕೆ ಹೋಗುವುದೇ ತರಬೇತಿ. ಆದ್ದರಿಂದಲೇ ಮಾಸಿಕ ಅಪರಾಧ ಪರಿಶೀಲನಾ ಸಭೆಗೆ ಅರ್ಧ ದಿನ ಸೇರಿಸಿ, ಆ ತಿಂಗಳು ಬಿಡುಗಡೆಯಾದ ಒಂದೆರಡು ಪ್ರಕರಣಗಳನ್ನು ಅಭಿಯೋಜಕರ ಸಮ್ಮುಖದಲ್ಲಿ ಓದಲಿ ಎನ್ನುತ್ತೇನೆ. ಅಧಿಕಾರಿಗಳ ಜೊತೆ ರೈಟರ್ ಮತ್ತು ಕೋರ್ಟ್ ಕರ್ತವ್ಯದ ಕಾನ್‌ಸ್ಟೇಬಲ್ ಕೂಡ ಕುಳಿತಿರಬೇಕು. ಖರ್ಚಿನ ಬಗ್ಗೆ ನೀವು ಆತಂಕಪಡಬೇಕಾಗಿಲ್ಲ: ಜಿಲ್ಲಾ ನ್ಯಾಯಾಲಯಗಳ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.