ಎಂಟ್ರಾ ಐಡಿ ಬಳಸಿ ಎಪಿಐಗೆ ಯಾರು ಬರಬಹುದು, ಯಾರು ಬರಬಾರದು ಎಂದು ನಿಯಂತ್ರಿಸುವುದು ಹೇಗೆ?

ನಿಮ್ಮ ಎಪಿಐಯನ್ನು (ಬೇರೆ ಪ್ರೋಗ್ರಾಂಗಳು ಕರೆಯುವ ಸೇವೆ) ಒಂದು ಬ್ರೌಸರ್ ಆ್ಯಪ್ ಮತ್ತು ರಾತ್ರಿ ತಾನಾಗಿ ಓಡುವ ಒಂದು ಜಾಬ್ ಬಳಸುತ್ತವೆ, ಲಾಗಿನ್‌ಗೆ ಇರುವುದು ಮೈಕ್ರೋಸಾಫ್ಟ್‌ನ ಗುರುತು ಪರಿಶೀಲನಾ ಸೇವೆ ಎಂಟ್ರಾ ಐಡಿ. ನೀವು ಹೇಳಿದ ತೊಂದರೆಗಳು ಎರಡು. ಬ್ರೌಸರ್ ಆ್ಯಪ್‌ನಲ್ಲಿ ಸರಿಯಾಗಿ ಲಾಗಿನ್ ಆದವರಿಗೂ ಎಪಿಐ 401 (ಗುರುತು ಒಪ್ಪಲಾಗಲಿಲ್ಲ ಎಂಬ ಉತ್ತರ) ಕೊಡುತ್ತಿದೆ. ಇನ್ನೊಂದು ಕಡೆ, ಯಾವ ಅನುಮತಿಯನ್ನೂ ಕೊಡದ ಬೇರೊಂದು ಬ್ಯಾಕೆಂಡ್ ಸರ್ವಿಸ್ ಸಲೀಸಾಗಿ ಒಳಗೆ ಬರುತ್ತಿದೆ. ಎರಡನೆಯದು ಹೆಚ್ಚು ಅಪಾಯಕಾರಿ, ಆದ್ದರಿಂದ ಮೊದಲು ಅದು.

ಮೈಕ್ರೋಸಾಫ್ಟ್ ಎಂಟ್ರಾ ಐಡಿಯಲ್ಲಿ (2023ರವರೆಗೆ ಇದರ ಹೆಸರು ಅಜೂರ್ ಎಡಿ) ಕ್ಲೈಂಟ್ ಕ್ರೆಡೆನ್ಶಿಯಲ್ಸ್ ಫ್ಲೋ (ಬಳಕೆದಾರರಿಲ್ಲದೆ ಆ್ಯಪ್ ತನ್ನ ಹೆಸರಿನಲ್ಲೇ ಲಾಗಿನ್ ಆಗುವ ವಿಧಾನ) ಮೂಲಕ ನಿಮ್ಮ ಟೆನೆಂಟ್‌ನ (ಎಂಟ್ರಾದಲ್ಲಿ ನಿಮ್ಮ ಸಂಸ್ಥೆಯ ಜಾಗ) ಯಾವ ಆ್ಯಪ್ ಬೇಕಾದರೂ, ನೀವು ಸೆಟ್ಟಿಂಗ್ ಬದಲಿಸದಿದ್ದರೆ, ನಿಮ್ಮ ಎಪಿಐಗೆಂದು ಟೋಕನ್ (ಎಂಟ್ರಾ ಸಹಿ ಮಾಡಿದ ಪ್ರವೇಶ ಚೀಟಿ) ಪಡೆಯಬಹುದು. ಅದಕ್ಕೆ ರೋಲ್ (ಆ್ಯಪ್‌ಗೆ ಕೊಡುವ ಅನುಮತಿ) ಕೊಟ್ಟಿರಲೇಬೇಕು ಎಂದೇನಿಲ್ಲ. ಹಾಗೆ ಪಡೆದ ಟೋಕನ್‌ನಲ್ಲಿ ಸಹಿ, ಆಡಿಯನ್ಸ್ (ಟೋಕನ್ ಯಾವ ಎಪಿಐಗೆಂದು), ಇಶ್ಯೂಯರ್ (ಟೋಕನ್ ಕೊಟ್ಟವರು ಯಾರೆಂದು), ಅವಧಿ ಎಲ್ಲವೂ ಸರಿಯಾಗಿರುತ್ತವೆ. ರೋಲ್ಸ್ ಕ್ಲೇಮ್ (ಕೊಟ್ಟ ರೋಲ್‌ಗಳನ್ನು ಹೇಳುವ ಭಾಗ) ಒಂದು ಮಾತ್ರ ಇರುವುದಿಲ್ಲ. ನಿಮ್ಮ ಕೋಡ್ ಟೋಕನ್ ಅಸಲಿಯೇ ಎಂದಷ್ಟೇ ನೋಡಿದರೆ ಆ ಸರ್ವಿಸ್ ಒಳಗೆ ಬರದೆ ಇನ್ನೇನಾದೀತು? ಬಂದವರು ಯಾರೆಂದು ಹೇಳುವುದು ಎಂಟ್ರಾ ಕೆಲಸ. ಬಿಡಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮ ಎಪಿಐಯದ್ದು, ಅದನ್ನು ಕೋಡ್‌ನಲ್ಲಿ ಬರೆಯಲೇಬೇಕು.

ಸೆಟಪ್ ಹೀಗಿರಲಿ. ಎಪಿಐಗೆ ಒಂದು ಆ್ಯಪ್ ರಿಜಿಸ್ಟ್ರೇಶನ್ (ಎಂಟ್ರಾದಲ್ಲಿ ನೋಂದಣಿ), ಬ್ರೌಸರ್ ಆ್ಯಪ್‌ಗೆ ಇನ್ನೊಂದು, ರಾತ್ರಿ ಓಡುವ ಜಾಬ್‌ಗೆ ಮತ್ತೊಂದು. ಮೂರಕ್ಕೂ ಒಂದೇ ರಿಜಿಸ್ಟ್ರೇಶನ್ ಬಳಸಿದರೆ ಮುಂದೆ ಯಾರಿಗೆ ಏನು ಕೊಟ್ಟಿದ್ದೀರಿ ಎಂಬುದೇ ತಿಳಿಯುವುದಿಲ್ಲ. ಎಪಿಐ ರಿಜಿಸ್ಟ್ರೇಶನ್‌ನ ಎಕ್ಸ್‌ಪೋಸ್ ಆ್ಯನ್ ಎಪಿಐ ಪುಟದಲ್ಲಿ ಅಪ್ಲಿಕೇಶನ್ ಐಡಿ ಯುಆರ್‌ಐ (ಎಪಿಐಯನ್ನು ಗುರುತಿಸುವ ಹೆಸರು) ಇಟ್ಟು, ಬಳಕೆದಾರರ ಪರವಾಗಿ ಬರುವ ಕರೆಗಳಿಗೆ ಸ್ಕೋಪ್‌ಗಳನ್ನು (ಆ ಕರೆಗಳಲ್ಲಿ ಏನು ಮಾಡಬಹುದು ಎಂಬ ಅನುಮತಿಗಳು) ಸೇರಿಸಿ. ಓದಲು ಒಂದು, ಬರೆಯಲು ಒಂದು ಇದ್ದರೆ ಶುರುವಿಗೆ ಸಾಕು. ಜಾಬ್‌ಗಾಗಿ ಆ್ಯಪ್ ರೋಲ್ಸ್ ಪುಟದಲ್ಲಿ ರೋಲ್ ಮಾಡಿ, ಅದರ ಮೆಂಬರ್ ಟೈಪ್ ಅನ್ನು ಅಪ್ಲಿಕೇಶನ್ಸ್ ಎಂದು ಆರಿಸಿ. ನಂತರ ಜಾಬ್‌ನ ರಿಜಿಸ್ಟ್ರೇಶನ್‌ನಲ್ಲಿ ಎಪಿಐ ಪರ್ಮಿಶನ್ಸ್‌ಗೆ ಹೋಗಿ ಆ ರೋಲ್ ಸೇರಿಸಿ, ಅಡ್ಮಿನ್ ಕನ್ಸೆಂಟ್ ಕೊಡಿಸಿ. ಕನ್ಸೆಂಟ್ ಬಿಟ್ಟುಹೋದರೆ ಎರರ್ ಏನೂ ಬರುವುದಿಲ್ಲ, ಟೋಕನ್ ಸಿಗುತ್ತದೆ, ಆದರೆ ರೋಲ್ ಇಲ್ಲದೆ. ತುಂಬಾ ಜನ ಸಿಕ್ಕಿಬೀಳುವುದು ಇಲ್ಲೇ.

ಈಗ ಕೋಡ್. ಬಳಕೆದಾರರ ಟೋಕನ್‌ನಲ್ಲಿ ಸ್ಕೋಪ್ ಕ್ಲೇಮ್ ಇರುತ್ತದೆ, ಆ್ಯಪ್ ತಾನೇ ಪಡೆದ ಟೋಕನ್‌ನಲ್ಲಿ ರೋಲ್ಸ್ ಕ್ಲೇಮ್ ಇರುತ್ತದೆ. ಪ್ರತಿ ಎಂಡ್‌ಪಾಯಿಂಟ್‌ನಲ್ಲೂ (ಎಪಿಐಯ ಕರೆ ಬರುವ ವಿಳಾಸ) ತನಗೆ ಬೇಕಾದ ಸ್ಕೋಪ್ ಅಥವಾ ರೋಲ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ 403 (ಗುರುತು ಸರಿ, ಅನುಮತಿ ಇಲ್ಲ) ಕೊಡಿ. ಎರಡೂ ಇಲ್ಲದ ಟೋಕನ್ ಎಲ್ಲಿಯೂ ದಾಟಬಾರದು. ಇದರ ಜೊತೆಗೆ ಎಪಿಐಯ ಎಂಟರ್‌ಪ್ರೈಸ್ ಅಪ್ಲಿಕೇಶನ್ ಪುಟದಲ್ಲಿ ಅಸೈನ್‌ಮೆಂಟ್ ರಿಕ್ವೈರ್ಡ್ ಅನ್ನು ಯೆಸ್ ಮಾಡಿದರೆ, ರೋಲ್ ಇಲ್ಲದ ಆ್ಯಪ್‌ಗೆ ಎಂಟ್ರಾ ಟೋಕನ್ ಕೊಡಲು ಒಪ್ಪದೆ 501051 ಎರರ್ ಕೊಡುತ್ತದೆ. ಆಗ ಬಳಕೆದಾರರನ್ನೂ ಅಥವಾ ಅವರ ಗುಂಪನ್ನೂ ಅಸೈನ್ ಮಾಡಬೇಕಾಗುತ್ತದೆ ಎಂಬುದು ನೆನಪಿರಲಿ. ಇದು ಎರಡನೇ ಬೀಗವಷ್ಟೇ, ಕೋಡ್‌ನಲ್ಲಿನ ಪರಿಶೀಲನೆಯನ್ನು ಇದರ ಭರವಸೆಯ ಮೇಲೆ ತೆಗೆಯಬೇಡಿ.

ಸ್ಕೋಪ್ ಇದ್ದಾಕ್ಷಣ ಆ ಬಳಕೆದಾರರು ಎಲ್ಲರ ದಾಖಲೆಯನ್ನೂ ನೋಡಬಹುದು ಎಂದಲ್ಲ. ಈ ದಾಖಲೆ ಇವರದ್ದೇ ಹೌದೇ ಎಂಬುದನ್ನು ನಿಮ್ಮ ಡೇಟಾಬೇಸ್ ನೋಡಿಯೇ ಹೇಳಬೇಕು. ಅದಕ್ಕೆ ಟೋಕನ್‌ನಲ್ಲಿರುವ ಆಬ್ಜೆಕ್ಟ್ ಐಡಿ (ಬಳಕೆದಾರರ ಬದಲಾಗದ ಗುರುತು) ಮತ್ತು ಟೆನೆಂಟ್ ಐಡಿ ಬಳಸಿ. ಇಮೇಲ್ ಅಥವಾ ಯೂಸರ್‌ನೇಮ್ ಬೇಡ. ಅವು ಬದಲಾಗುತ್ತವೆ, ಒಬ್ಬರ ವಿಳಾಸ ಮುಂದೆ ಇನ್ನೊಬ್ಬರಿಗೆ ಹೋಗಲೂಬಹುದು.

ಇನ್ನು ಬ್ರೌಸರ್‌ನ 401. ಆ ಬ್ಯಾಕೆಂಡ್ ಸರ್ವಿಸ್‌ನ ಟೋಕನ್ ನಿಮ್ಮ ಎಪಿಐಯಲ್ಲಿ ಪಾಸಾಗುತ್ತಿದೆ. ಅಂದರೆ ಆಡಿಯನ್ಸ್, ಇಶ್ಯೂಯರ್ ಸೆಟ್ಟಿಂಗ್ ಬಹುಮಟ್ಟಿಗೆ ಸರಿಯಿದೆ, ಬ್ರೌಸರ್ ಕಳಿಸುತ್ತಿರುವ ಟೋಕನ್ನೇ ಬೇರೆ. ನೀವು ಕೇಳುತ್ತಿರುವ ಸ್ಕೋಪ್ ಯೂಸರ್ ಡಾಟ್ ರೀಡ್ ಎಂದು ಬರೆದಿದ್ದೀರಿ. ಅದು ಮೈಕ್ರೋಸಾಫ್ಟ್ ಗ್ರಾಫ್‌ನ (ಮೈಕ್ರೋಸಾಫ್ಟ್‌ನದೇ ಎಪಿಐ) ಸ್ಕೋಪ್, ಬರುವ ಟೋಕನ್ ಗ್ರಾಫ್‌ಗೆ ಸೇರಿದ್ದು. ಅದರ ಸಹಿಯನ್ನು ನಿಮ್ಮ ಎಪಿಐಯಲ್ಲಿ ಪರಿಶೀಲಿಸಲು ಹೋದರೆ ವಿಫಲವಾಗುತ್ತದೆ, ಮತ್ತು ಹಾಗಾಗುವುದೇ ಸರಿ. ನಿಮ್ಮ ಎಪಿಐಯ ಪೂರ್ಣ ಸ್ಕೋಪ್ ಹೆಸರನ್ನು, ಅಂದರೆ ಅಪ್ಲಿಕೇಶನ್ ಐಡಿ ಯುಆರ್‌ಐ ಸಮೇತ, ಕೇಳಿ. ಎರಡು ಎಪಿಐಗಳಿಗೆ ಒಂದೇ ಆ್ಯಕ್ಸೆಸ್ ಟೋಕನ್ ನಡೆಯುವುದಿಲ್ಲ. ಗ್ರಾಫ್ ಕೂಡ ಬೇಕಿದ್ದರೆ ಅದಕ್ಕೆ ಬೇರೆಯಾಗಿ ಕೇಳಿ. ಆ್ಯಕ್ಸೆಸ್ ಟೋಕನ್ ಬದಲು ಐಡಿ ಟೋಕನ್ (ಲಾಗಿನ್ ಆದವರು ಯಾರೆಂದು ಆ್ಯಪ್‌ಗೆ ಮಾತ್ರ ಹೇಳುವ ಟೋಕನ್) ಕಳಿಸುತ್ತಿಲ್ಲ ಎಂಬುದನ್ನೂ ನೋಡಿಕೊಳ್ಳಿ. 401 ನಿಲ್ಲಿಸಲೆಂದು ಆಡಿಯನ್ಸ್ ಪರಿಶೀಲನೆಯನ್ನು ಆಫ್ ಮಾಡುವ ಸಲಹೆ ನಿಮಗೆ ಸಿಕ್ಕಿದೆಯಲ್ಲ, ದಯವಿಟ್ಟು ಅದನ್ನು ಮಾಡಬೇಡಿ. ಬೇರೆ ಆ್ಯಪ್‌ಗೆಂದು ಕೊಟ್ಟ ಟೋಕನ್‌ಗಳಿಗೂ ನಿಮ್ಮ ಬಾಗಿಲು ತೆರೆದಂತಾಗುತ್ತದೆ.

ಬ್ರೌಸರ್ ಆ್ಯಪ್‌ನ ರೀಡೈರೆಕ್ಟ್ ಯುಆರ್‌ಐ (ಲಾಗಿನ್ ಆದ ಮೇಲೆ ಮರಳುವ ವಿಳಾಸ) ಸಿಂಗಲ್ ಪೇಜ್ ಅಪ್ಲಿಕೇಶನ್ ವಿಭಾಗದಲ್ಲಿರಲಿ. ವೆಬ್ ವಿಭಾಗದಲ್ಲಿ ಹಾಕಿದರೆ 9002326 ಎರರ್ ಬರುತ್ತದೆ. ಈ ಆ್ಯಪ್‌ಗೆ ಸೀಕ್ರೆಟ್ (ಆ್ಯಪ್‌ನ ಪಾಸ್‌ವರ್ಡ್) ಬೇಡವೇ ಬೇಡ, ಪಿಕೆಸಿಇ (ಸೀಕ್ರೆಟ್ ಇಲ್ಲದೆ ಲಾಗಿನ್ ಭದ್ರಪಡಿಸುವ ವಿಧಾನ) ಸಾಕು. ಎಪಿಐಯಲ್ಲಿ ಕಾರ್ಸ್ ಮಿಡಲ್‌ವೇರ್ (ಬೇರೆ ವಿಳಾಸದ ವೆಬ್ ಪುಟದಿಂದ ಬರುವ ಕರೆಗಳನ್ನು ಒಪ್ಪುವ ಕೋಡ್) ಆಥೆಂಟಿಕೇಶನ್‌ಗಿಂತ ಮೊದಲು ಬರಬೇಕು, ಏಕೆಂದರೆ ಬ್ರೌಸರ್ ಮೊದಲು ಅನುಮತಿ ಕೇಳಲು ಕಳಿಸುವ ಪ್ರೀಫ್ಲೈಟ್ ಕರೆಯಲ್ಲಿ ಟೋಕನ್ ಇರುವುದಿಲ್ಲ.

ಟೋಕನ್ ವರ್ಷನ್ ಬಗ್ಗೆ ಒಂದು ಮಾತು. ವರ್ಷನ್ 2 ಎಂಡ್‌ಪಾಯಿಂಟ್‌ನಿಂದ ಕೇಳಿದರೂ ವರ್ಷನ್ 1 ಟೋಕನ್ ಬರಬಹುದು. ಅದನ್ನು ನಿರ್ಧರಿಸುವುದು ಎಪಿಐ ರಿಜಿಸ್ಟ್ರೇಶನ್‌ನ ಮ್ಯಾನಿಫೆಸ್ಟ್ (ಅದರ ಸೆಟ್ಟಿಂಗ್‌ಗಳ ಫೈಲ್), ಟೋಕನ್ ಕೇಳುವ ಕ್ಲೈಂಟ್ ಅಲ್ಲ. ಅಲ್ಲಿ ಆ್ಯಕ್ಸೆಸ್ ಟೋಕನ್ ವರ್ಷನ್ ನಲ್ ಎಂದಿದ್ದರೆ 1 ಎಂದೇ ಅರ್ಥ. ಅದನ್ನು 2 ಮಾಡಿದರೆ ಇಶ್ಯೂಯರ್ ವಿಳಾಸ ಬದಲಾಗುತ್ತದೆ, ಆಡಿಯನ್ಸ್ ಯಾವಾಗಲೂ ಎಪಿಐಯ ಕ್ಲೈಂಟ್ ಐಡಿಯೇ ಆಗುತ್ತದೆ. ಹಾಗಾಗಿ ಎಪಿಐಯ ಕಾನ್ಫಿಗರೇಶನ್ನನ್ನೂ ಅದೇ ಹೊತ್ತಿಗೆ ಬದಲಿಸಿ. ಸಹಿಯ ಕೀಗಳನ್ನು ಕೋಡ್‌ನಲ್ಲಿ ಬರೆದಿಡಬೇಡಿ. ಅವು ಬದಲಾಗುತ್ತಿರುತ್ತವೆ, ಲೈಬ್ರರಿಯೇ ಎಂಟ್ರಾ ಪ್ರಕಟಿಸುವ ಮೆಟಾಡೇಟಾದಿಂದ ತರಿಸಿಕೊಳ್ಳಲಿ.

ಜಾಬ್ ಟೋಕನ್ ಕೇಳುವಾಗ ಸ್ಕೋಪ್‌ನ ಕೊನೆಗೆ ಡಾಟ್ ಡಿಫಾಲ್ಟ್ ಇರಲೇಬೇಕು. 7000215 ಎರರ್ ಬಂದರೆ ಸಾಮಾನ್ಯವಾಗಿ ಸೀಕ್ರೆಟ್‌ನ ವ್ಯಾಲ್ಯೂ ಬದಲು ಅದರ ಐಡಿ ಹಾಕಿರುತ್ತೀರಿ. ವ್ಯಾಲ್ಯೂ ಒಮ್ಮೆ ಮಾತ್ರ ಕಾಣುತ್ತದೆ. ಜಾಬ್ ಅಜೂರ್‌ನಲ್ಲೇ ಓಡುವುದಾದರೆ ಸೀಕ್ರೆಟ್ ಬಿಟ್ಟು ಮ್ಯಾನೇಜ್ಡ್ ಐಡೆಂಟಿಟಿ (ಅಜೂರ್ ತಾನೇ ನೋಡಿಕೊಳ್ಳುವ ಆ್ಯಪ್ ಗುರುತು) ಬಳಸಿ ಎಂಬುದು ನನ್ನ ಖಚಿತ ಸಲಹೆ. ಅದಕ್ಕೆ ರೋಲ್ ಕೊಡುವುದನ್ನು ಪವರ್‌ಶೆಲ್ ಅಥವಾ ಗ್ರಾಫ್ ಮೂಲಕ ಮಾಡಿ. ಅದರ ಟೋಕನ್ ಸುಮಾರು 24 ಗಂಟೆ ಕ್ಯಾಶ್‌ನಲ್ಲಿರುವುದರಿಂದ ರೋಲ್ ಬದಲಾವಣೆ ತಕ್ಷಣ ಕಾಣದಿದ್ದರೆ ಗಾಬರಿ ಬೇಡ. ಉಳಿದ ಆ್ಯಕ್ಸೆಸ್ ಟೋಕನ್‌ಗಳ ಡಿಫಾಲ್ಟ್ ಆಯುಷ್ಯ 60ರಿಂದ 90 ನಿಮಿಷ. ರೋಲ್ ಕಿತ್ತುಕೊಂಡರೂ ಹಳೆಯ ಟೋಕನ್ ಅಷ್ಟು ಹೊತ್ತು ನಡೆಯಬಹುದು.

ಬಿಡುಗಡೆಗೆ ಮುಂಚೆ ನಾಲ್ಕು ಕರೆ ಮಾಡಿ ನೋಡಿ: ಟೋಕನ್ ಇಲ್ಲದೆ, ಗ್ರಾಫ್ ಟೋಕನ್ ಹಿಡಿದು, ರೋಲ್ ಇಲ್ಲದ ಆ್ಯಪ್‌ನ ಟೋಕನ್ ಹಿಡಿದು, ಸರಿಯಾದ ಟೋಕನ್ ಹಿಡಿದು. ಉತ್ತರ ಕ್ರಮವಾಗಿ 401, 401, 403, 200 ಬರಬೇಕು. ಮೂರನೆಯದನ್ನು ಪರೀಕ್ಷಿಸಲು ಅಸೈನ್‌ಮೆಂಟ್ ರಿಕ್ವೈರ್ಡ್ ಅನ್ನು ಟೆಸ್ಟ್ ಟೆನೆಂಟ್‌ನಲ್ಲಿ ಆಫ್ ಇಡಬೇಕಾಗುತ್ತದೆ, ಇಲ್ಲವಾದರೆ ಟೋಕನ್ನೇ ಸಿಗುವುದಿಲ್ಲ.